‘ಅಂಥವರು ಇಲ್ಲಿಲ್ಲ’ ಎನ್ನಲಾರದ ವಿಳಾಸದಕ್ಕ

ಗಂಜಿ ಹಾಕಿ ಒಣಗಿಸಿದ ಹತ್ತಿ ಬಟ್ಟೆಗೆ ನೀರು ಚಿಮುಕಿಸಿ, ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಒತ್ತಿದಾಗ ಏಳುವ ಹಬೆಗೆ ಒಂದು ವಾಸನೆಯಿದೆ. ಅರ್ಧ ಅನ್ನದ್ದು, ಅರ್ಧ ಸುಟ್ಟ ನೂಲಿನದು. ವಿಳಾಸದಕ್ಕನವರು ಹುಟ್ಟಿ ಬೆಳೆದದ್ದು ಆ ವಾಸನೆಯೊಳಗೆ. ಅವರ ತಾಯಿ ಪೇಟೆಯ ಹಿಂದಿನ ಓಣಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟಿದ್ದರು. ಪ್ರತಿ ಬಟ್ಟೆಯ ಅಂಚಿಗೂ ಅಳಿಸದ ಮಸಿಯ ಒಂದು ಗುರುತು. ಒಂದು ಮನೆಗೆ ಒಂದೇ ಗುರುತು ಎಂಬ ನಿಯಮವೇನೂ ಇರಲಿಲ್ಲ. ಅಜ್ಜನ ಕಾಲದ ಗುರುತು, ಸೊಸೆ ತವರಿನಿಂದ ತಂದ ಸೀರೆಗಳ ಗುರುತು, ಹಿಂದಿನ ಬಾಡಿಗೆ ಮನೆಯ ಗುರುತು, ಎಲ್ಲವೂ ಕೊನೆಗೆ ಒಂದೇ ಬಾಗಿಲಿಗೆ ಹೋಗಿ ಸೇರಬೇಕು. ಗುರುತು ಮಾಸಿ ಯಾರದ್ದೆಂದು ತಿಳಿಯದ ಬಟ್ಟೆಗೆ ಮೇಲಿನ ಹಲಗೆಯಲ್ಲಿ ಜಾಗ. ಅದನ್ನು ಒರೆಸುಬಟ್ಟೆ ಮಾಡೋಣವೇ ಎಂದು ಮಗಳು ಕೇಳಿದರೆ ತಾಯಿ ಗದರುತ್ತಿದ್ದರು: “ಯಾರದ್ದೂ ಅಲ್ಲ ಅಂತ ಹೇಳೋಕೆ ನೀನ್ಯಾರೇ? ಮೈಯಿಲ್ಲದೆ ಬಟ್ಟೆ ಹುಟ್ಟುತ್ತಾ?”

ವಿದ್ಯಾಸಂಸ್ಥೆಗಳಲ್ಲಿ ಇ-ಮೇಲ್ ವ್ಯವಸ್ಥೆಯನ್ನು ಮೊಟ್ಟಮೊದಲು ಕಟ್ಟಿ ನಿಲ್ಲಿಸಿದ ತಲೆಮಾರಿನಲ್ಲಿ ವಿಳಾಸದಕ್ಕನವರಿಗೆ ಗೌರವದ ಸ್ಥಾನವಿದೆ ಎಂದು ಈ ಅಭಿನಂದನ ಸಂಪುಟದ ಬೇರೆ ಲೇಖನಗಳು ಹೇಳಲಿವೆ. ಅದು ನಿಜ. ಅವರು ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದು ಸಂಸ್ಥೆಗೆ ಸೇರಿದಾಗ, ಕಂಪ್ಯೂಟರನ್ನು ನೋಡಬೇಕೆಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾಗಿತ್ತು. ಮೇಲ್ ಸರ್ವರ್ ಬಂದಾಗ ಅದಕ್ಕೆ ಸಿಕ್ಕಿದ್ದು ಛಾಯಾಚಿತ್ರ ವಿಭಾಗದವರು ಬಿಟ್ಟುಹೋಗಿದ್ದ ಕತ್ತಲೆ ಕೋಣೆ. ಗೋಡೆಗೆ ಕಪ್ಪು ಬಣ್ಣ, ಮೂಲೆಯಲ್ಲಿ ತೊಟ್ಟಿಕ್ಕುವ ನಲ್ಲಿ, ನೆತ್ತಿಯ ಮೇಲೆ ಒಂದು ಕೆಂಪು ಬಲ್ಬು. ನಲ್ಲಿ ಮುಚ್ಚಿಸಿ, ಬಲ್ಬು ಬದಲಾಯಿಸಿ, ಬಾಗಿಲಿಗೆ ಒಂದು ಕುರ್ಚಿ ಹಾಕಿಕೊಂಡು ಅವರು ಕೂತರು. ಆ ಕುರ್ಚಿಯನ್ನು ಬಿಟ್ಟೇಳಲು ಅವರಿಗೆ ಎಂದೂ ಮನಸ್ಸಾಗಲಿಲ್ಲ, ಏಳಿಸಬೇಕಾಯಿತು.

ಅವರ ಕೆಲಸ ಏನೆಂದು ಸಂಸ್ಥೆಯಲ್ಲಿ ಬಹಳ ಜನಕ್ಕೆ ತಿಳಿದಿರಲಿಲ್ಲ. ಇ-ಮೇಲ್ ವಿಳಾಸದಲ್ಲಿ ಅಟ್ (@) ಗುರುತಿನ ಆಚೆಗಿರುವುದು ಸಂಸ್ಥೆಯ ಹೆಸರು. ಅದು ಓಣಿಯನ್ನು ತೋರಿಸುತ್ತದೆ. ಈಚೆಗಿರುವುದು ಮನುಷ್ಯನ ಹೆಸರು. ಅದು ಬಾಗಿಲನ್ನು ತೋರಿಸಬೇಕು. ಹೊರಗಿನ ಯಾವುದೋ ಸರ್ವರ್ ಬಂದು ‘ಇಂಥವರಿಗೆ ಪತ್ರ ತಂದಿದ್ದೇನೆ’ ಎಂದಾಗ, ನಮ್ಮ ಸರ್ವರ್ ಮೊದಲು ಅಡ್ಡಹೆಸರುಗಳ ಕೋಷ್ಟಕ ನೋಡುತ್ತದೆ: ಈ ಹೆಸರು ಇನ್ನೊಂದು ಹೆಸರಿನ ಬದಲಿಗೆ ಬಂದದ್ದೇ? ಆಮೇಲೆ ಬಳಕೆದಾರರ ಖಾತೆಗಳಲ್ಲಿ ಹುಡುಕುತ್ತದೆ: ಈ ಹೆಸರಿನ ಖಾತೆ ನಮ್ಮಲ್ಲಿದೆಯೇ? ಎರಡರಲ್ಲೂ ಸಿಗದಿದ್ದರೆ ಏನು ಮಾಡಬೇಕೆಂಬುದನ್ನು ಯಂತ್ರ ತಾನಾಗಿ ನಿರ್ಧರಿಸುವುದಿಲ್ಲ. ಅದನ್ನು ನೋಡಿಕೊಳ್ಳುವವರು ಮೊದಲೇ ಹೇಳಿಕೊಟ್ಟಿರಬೇಕು. ವಿಳಾಸದಕ್ಕ ಹೇಳಿಕೊಟ್ಟಿದ್ದು ಇಷ್ಟು: ಸಿಗದ ಹೆಸರಿನ ಪತ್ರವನ್ನು ಅಟ್ಟಬೇಡ, ನನ್ನ ಪೆಟ್ಟಿಗೆಗೆ ಹಾಕು.

ದಿನವೂ ಬೆಳಿಗ್ಗೆ ಅವರು ಆ ಪೆಟ್ಟಿಗೆ ತೆರೆದು, ಮೇಲಿನ ಹೆಸರು ಮತ್ತು ವಿಷಯದ ಸಾಲು ನೋಡಿ, ಯಾರಿಗಿರಬಹುದೆಂದು ಊಹಿಸಿ, ಫೋನು ಮಾಡಿ ಕೇಳಿ, ಸೇರಬೇಕಾದವರಿಗೆ ಸೇರಿಸುತ್ತಿದ್ದರು. ಮದುವೆಯಾಗಿ ಹೆಸರು ಬದಲಿಸಿಕೊಂಡು, ಮೂರು ವರ್ಷದ ಮೇಲೆ ಹಳೆಯ ಹೆಸರಿಗೇ ಮರಳಿದ ಒಬ್ಬ ಅಧ್ಯಾಪಕಿ, ಇದನ್ನು ಎಷ್ಟು ಜನಕ್ಕೆ ವಿವರಿಸಬೇಕೋ ಎಂದು ಹೆದರುತ್ತಲೇ ಕತ್ತಲೆ ಕೋಣೆಗೆ ಬಂದಿದ್ದರು. ಅಕ್ಕ ತಲೆಯನ್ನೇ ಎತ್ತಲಿಲ್ಲ. “ಎರಡೂ ಹೆಸರು ನಿಮಗೇ ಬರೋ ಹಾಗೆ ಮಾಡಿದೀನಿ. ಯಾವಾಗ ಯಾವುದು ಬೇಕೋ ಅದನ್ನ ಹೇಳ್ಕೊಳ್ಳಿ,” ಎಂದರು. ಭೂಗೋಳದ ಮೇಷ್ಟ್ರು ತೀರಿಕೊಂಡಾಗ ಅವರ ಹೆಸರಿಗೆ ಬರುತ್ತಿದ್ದ ಪತ್ರಗಳನ್ನು, ಮನೆಯಾಕೆಯನ್ನು ಕೇಳಿ ಒಪ್ಪಿಗೆ ಪಡೆದು, ಆಕೆಗೆ ಹೋಗುವಂತೆ ಮಾಡಿದರು. ಮೇಷ್ಟ್ರು ಬದುಕಿದ್ದಾರೆಂದೇ ತಿಳಿದು ದೂರದ ವಿದ್ಯಾರ್ಥಿಗಳು ಬರೆಯುತ್ತಿದ್ದ ಕ್ಷೇಮಸಮಾಚಾರಕ್ಕೆ ಆ ತಾಯಿ ಒಂದು ವರ್ಷ ಉತ್ತರ ಬರೆದರು. ಇವೆಲ್ಲ ಯಾವ ವಾರ್ಷಿಕ ವರದಿಯಲ್ಲೂ ಬಂದಿಲ್ಲ.

ಖಾತೆಯಿಲ್ಲದವರದ್ದು ಬೇರೆಯೇ ಕಥೆ. ಸಂಸ್ಥೆಯ ನಿಯಮದ ಪ್ರಕಾರ ಕಾಯಂ ನೌಕರರಿಗಷ್ಟೇ ಖಾತೆ. ದಿನಗೂಲಿಯವರು, ಗಂಟೆ ಲೆಕ್ಕದಲ್ಲಿ ಪಾಠ ಮಾಡುವವರು, ತೋಟದವರು ಬರುತ್ತಾರೆ, ದುಡಿಯುತ್ತಾರೆ, ಹೋಗುತ್ತಾರೆ. ಯಂತ್ರದ ಲೆಕ್ಕದಲ್ಲಿ ಇರುವುದೇ ಇಲ್ಲ. ಇವರಿಗೆಲ್ಲ ಅಕ್ಕ ಅಡ್ಡಹೆಸರುಗಳ ಕೋಷ್ಟಕದಲ್ಲಿ ಒಂದೊಂದು ಸಾಲು ಬರೆದು, ಆ ಸಾಲುಗಳನ್ನೆಲ್ಲ ತಮ್ಮ ಪೆಟ್ಟಿಗೆಯ ಕಡೆಗೆ ತಿರುಗಿಸಿದ್ದರು. ಪತ್ರ ಬಂದರೆ ಮುದ್ರಿಸಿ ಕೊಡುವುದು, ಉತ್ತರವನ್ನು ಕೇಳಿ ಬರೆದು ಕಳಿಸುವುದು. ಇದರಿಂದಲೇ ಅವರಿಗೆ ವಿಳಾಸದಕ್ಕ ಎಂಬ ಹೆಸರು ಬಂತು. ಇಟ್ಟವರು ಗಾಜಿನಣ್ಣ.

ಗಾಜಿನಣ್ಣ ರಸಾಯನ ವಿಭಾಗದಲ್ಲಿ ಗಾಜು ಊದುವವರು. ಪ್ರಯೋಗಕ್ಕೆ ಬೇಕಾದ ಕೊಳವೆ, ಬುರುಡೆ, ಕವಾಟಗಳನ್ನು ಉರಿಯ ಮುಂದೆ ಕೂತು ಊದಿ, ಬಾಗಿಸಿ, ಬೆಸೆದು ಕೊಡುತ್ತಿದ್ದರು. ಎರಡು ದಶಕ ದಿನಗೂಲಿಯಲ್ಲೇ ದುಡಿದರು. ಬೆರಳ ತುದಿಗಳಲ್ಲಿ ರೇಖೆಗಳು ಉಳಿದಿರಲಿಲ್ಲ. ಬಾಯಿ ಮಾತ್ರ ಬಹಳ ಚುರುಕು.

“ಏನಕ್ಕಾ, ಇವತ್ತಾದ್ರೂ ನನ್ನ ಹೆಸರಿಗೆ ಯಾರಾದ್ರೂ ಏನಾದ್ರೂ ಬರೆದಿದಾರಾ?”

“ಬಂದಿದೆಯಪ್ಪಾ. ಯಾವುದೋ ದೇಶದ ರಾಜಕುಮಾರ ನಿಂಗೆ ಆಸ್ತಿ ಬರೆದಿಟ್ಟಿದಾನಂತೆ.”

“ಹಾಗಾದ್ರೆ ನಿಮ್ಮ ನಿರ್ದೇಶಕರಿಗೆ ಕಳಿಸಿಬಿಡಿ. ನಾನು ಊದಿದ್ದು ಕೈ ಜಾರಿದ್ರೆ ಒಡೆದುಹೋಗುತ್ತೆ. ಅವರು ಊದೋ ತುತ್ತೂರಿ ಎಷ್ಟು ವರ್ಷ ಆದ್ರೂ ಒಡೆಯಲ್ಲ.”

ಇಂಥ ಮಾತಿಗೆ ಅಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಆ ದಿನಗಳಲ್ಲಿ ಅವರು ನಗುತ್ತಿದ್ದರು ಎಂಬುದನ್ನು ಈಗ ಬರೆದಿಡಬೇಕು; ಆಮೇಲಿನವರು ನಂಬಲಾರರು.

ಹೊಸ ನಿರ್ದೇಶಕರು ಬಂದರು. ಅವರು ಕೆಟ್ಟವರಾಗಿದ್ದರೆಂದು ಹೇಳಿದರೆ ಸುಲಭವಾಗುತ್ತಿತ್ತು. ಅವರು ಹೇಳಿದ್ದರಲ್ಲಿ ನ್ಯಾಯವೂ ಇತ್ತು. ಅಕ್ಕನ ಪೆಟ್ಟಿಗೆಗೆ ಬಂದು ಬೀಳುತ್ತಿದ್ದುದರಲ್ಲಿ ನೂರಕ್ಕೆ ತೊಂಬತ್ತು ಪಾಲು ಕಸ. ಸುಳ್ಳು ಹೆಸರುಗಳಿಗೆ ಬರುವ ಕಸವನ್ನು ಒಳಗೆ ಬಿಟ್ಟುಕೊಂಡು ಆಮೇಲೆ ಹಿಂತಿರುಗಿಸುವುದಕ್ಕಿಂತ, ಬಾಗಿಲಲ್ಲೇ ತಡೆಯುವುದು ಒಳ್ಳೆಯದೆಂದು ಅಕ್ಕನೂ ಒಪ್ಪುತ್ತಿದ್ದರು. ಹೊರಗಿನ ಒಂದು ಕಂಪನಿ ಬಂದು ಹೊಸ ಸರ್ವರ್ ಕೂರಿಸಿತು. ಬಾಗಿಲಲ್ಲಿ ನೋಡಬೇಕಾದ ಹೆಸರುಗಳನ್ನು ಕಂಪನಿಯವರು ಸಂಬಳದ ಪಟ್ಟಿಯಿಂದ ತೆಗೆದುಕೊಂಡರು. ಅಕ್ಕ ತಮ್ಮ ಅಡ್ಡಹೆಸರುಗಳ ಕೋಷ್ಟಕವನ್ನೂ ಕೊಟ್ಟರು. ಆದರೆ ಅವರ ಪೆಟ್ಟಿಗೆಯನ್ನೇ ರದ್ದು ಮಾಡಿದ್ದರಿಂದ, ಅದರ ಕಡೆಗೆ ತಿರುಗಿದ್ದ ಸಾಲುಗಳೆಲ್ಲ ದಿಕ್ಕಿಲ್ಲದಂತಾದವು. ಕಂಪನಿಯವರು ಅವನ್ನು ಬಿಟ್ಟುಬಿಟ್ಟರು.

ಅಕ್ಕ ಜಗಳವಾಡಲಿಲ್ಲ. ಖಾತೆಯಿಲ್ಲದವರಿಗೆಲ್ಲ ಒಂದೊಂದು ಖಾತೆ ಬೇಕೆಂದು ಕಡತ ಮಾಡಿ ನಿರ್ದೇಶಕರ ಮೇಜಿಗೆ ಕಳಿಸಿದರು. ಸಹಿ ಬೀಳುವವರೆಗೆ ಯಾರಿಗೂ ಅನ್ಯಾಯವಾಗದಂತೆ ಒಂದು ಏರ್ಪಾಡನ್ನೂ ಮಾಡಿದರು. ಹೆಸರು ಸಿಗದಿದ್ದಾಗ ಸರ್ವರ್ ಎರಡು ಬಗೆಯಲ್ಲಿ ಉತ್ತರ ಕೊಡಬಲ್ಲದು. ಒಂದು, ‘ಅಂಥವರು ಇಲ್ಲಿಲ್ಲ’. ಇದನ್ನು ಕೇಳಿದ ಕಡೆಯವರು ಪತ್ರವನ್ನು ಬರೆದವರಿಗೇ ಹಿಂತಿರುಗಿಸಿ ಕೈತೊಳೆದುಕೊಳ್ಳುತ್ತಾರೆ. ಇನ್ನೊಂದು, ‘ಈಗ ಆಗುವುದಿಲ್ಲ, ಆಮೇಲೆ ಬನ್ನಿ’. ಇದನ್ನು ಕೇಳಿದವರು ಪತ್ರವನ್ನು ತಮ್ಮಲ್ಲೇ ಇಟ್ಟುಕೊಂಡು, ನಾಲ್ಕೈದು ದಿನ ಮತ್ತೆ ಮತ್ತೆ ಬಂದು ಬಾಗಿಲು ತಟ್ಟುತ್ತಾರೆ. ಹೊಸ ವ್ಯವಸ್ಥೆಗೆ ಹೋಗುವಾಗ ಕೆಲವು ವಾರ ಎರಡನೆಯ ಉತ್ತರವನ್ನೇ ಇಡುವುದು ತಿಳಿದವರ ರೂಢಿ. ನಮ್ಮ ಪಟ್ಟಿಯೇ ತಪ್ಪಾಗಿರಬಹುದು ಎಂಬ ಸಣ್ಣದೊಂದು ಅನುಮಾನವನ್ನು ನಮ್ಮ ಮೇಲೆಯೇ ಇಟ್ಟುಕೊಳ್ಳುವ ಕ್ರಮ ಅದು. ಅಕ್ಕ ಅದನ್ನೇ ಇಟ್ಟರು. ಬಾಗಿಲು ತಟ್ಟಿದವರ ದಾಖಲೆಯನ್ನು ದಿನವೂ ನೋಡಿ, ಪಟ್ಟಿಯಿಂದ ತಪ್ಪಿಹೋದ ಕಾಯಂ ನೌಕರರ ಹೆಸರು ಕಂಡರೆ ಕೂಡಲೇ ಸೇರಿಸುತ್ತಿದ್ದರು; ಖಾತೆಯಿಲ್ಲದವರ ಹೆಸರು ಸೇರಿಸಲು ಮಾತ್ರ ಸಹಿಗೆ ಕಾಯಬೇಕಿತ್ತು.

ಅದೇ ತಿಂಗಳು ಗಾಜಿನಣ್ಣ ಒಂದು ದೊಡ್ಡ ಪ್ರಯೋಗಾಲಯಕ್ಕೆ ಅರ್ಜಿ ಹಾಕಿದ್ದರು. ಗಾಜು ಊದುವವರ ಕಾಯಂ ಹುದ್ದೆ. ವಯಸ್ಸಿನ ಮಿತಿಯ ಪ್ರಕಾರ ಅದೇ ಕೊನೆಯ ಅವಕಾಶ. ಈಗ ಎಲ್ಲಿ ಕೆಲಸದಲ್ಲಿದ್ದೀರೋ ಆ ಸಂಸ್ಥೆಯ ಇ-ಮೇಲ್ ವಿಳಾಸಕ್ಕೇ ಪರೀಕ್ಷೆಯ ಕರೆ ಕಳಿಸುತ್ತೇವೆ, ಅದೇ ಸೇವೆಯ ಪುರಾವೆ ಎಂದು ನೇಮಕದ ಮಂಡಳಿಯವರು ಹೇಳಿದ್ದರು. ಅಕ್ಕನೇ ಕೂತು ಅರ್ಜಿ ತುಂಬಿಕೊಟ್ಟಿದ್ದರು. ಗಾಜಿನಣ್ಣನ ಹೆಂಡತಿ, ಎಂದೂ ಸಂಸ್ಥೆಯ ಗೇಟು ದಾಟಿರದ ಹೆಂಗಸು, ಅಂದು ಜೊತೆಗೆ ಬಂದು ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. “ಇದೊಂದು ಆಗಿಬಿಟ್ರೆ ಇವರು ಉರಿ ಮುಂದೆ ಕೂತ್ರೂ ನನ್ನ ಹೊಟ್ಟೆ ತಣ್ಣಗಿರುತ್ತೆ ಅಕ್ಕಾ,” ಎಂದಳು. ಕಡತಕ್ಕೆ ಸಹಿಯಾಗಲಿ, ಆ ಹೆಸರನ್ನೇ ಮೊದಲು ಹಾಕುತ್ತೇನೆ ಎಂದು ಅಕ್ಕ ಮಾತು ಕೊಟ್ಟರು.

ಹೊಸ ವ್ಯವಸ್ಥೆಯ ಉದ್ಘಾಟನೆಗೆ ಗಣ್ಯರು ಬರುವವರಿದ್ದರು. ಅದಕ್ಕೆ ಮುಂಚೆ ಯಾರೋ ಹೊರಗಿನ ಸ್ನೇಹಿತರು ನಿರ್ದೇಶಕರಿಗೆ ಫೋನು ಮಾಡಿ, ‘ನಿಮ್ಮ ಸರ್ವರ್ ಆಮೇಲೆ ಬನ್ನಿ ಅನ್ನುತ್ತಿದೆಯಲ್ಲ’ ಎಂದು ನಕ್ಕರಂತೆ. ನಿರ್ದೇಶಕರಿಗೆ ಅವಮಾನವಾಯಿತು. ಕಂಪನಿಯವನನ್ನು ಕರೆದು ಹೇಳಿದರು:

“ಇಷ್ಟು ಖರ್ಚು ಮಾಡಿ ತಂದಿರೋದು ಕಚೇರಿ ಗುಮಾಸ್ತರ ಥರ ಆಮೇಲೆ ಬನ್ನಿ, ನಾಳೆ ಬನ್ನಿ ಅನ್ನೋಕಾ? ಇದ್ರೆ ಇದಾರೆ ಅನ್ನಲಿ. ಇಲ್ದಿದ್ರೆ ಇಲ್ಲ ಅನ್ನಲಿ.”

ಸರ್ವರ್ ಯಾವ ಉತ್ತರ ಕೊಡಬೇಕೆಂದು ಸೂಚಿಸುವ ಒಂದು ಅಂಕಿ ಬದಲಾಯಿಸಿದರೆ ಮುಗಿಯುವ ಕೆಲಸ. ಕಂಪನಿಯವನು ಬದಲಾಯಿಸಿದ. ಅಕ್ಕನಿಗೆ ಯಾರೂ ಹೇಳಲಿಲ್ಲ. ಅವರನ್ನು ಸ್ವಾಗತ ಸಮಿತಿಗೆ ಹಾಕಿ, ಸಭಾಂಗಣದ ಕುರ್ಚಿಗಳಿಗೆ ಹೆಸರಿನ ಚೀಟಿ ಅಂಟಿಸಲು ಕಳಿಸಿದ್ದರು. ಕರೆಪತ್ರ ಬಂದದ್ದು ಅಂದೇ. ಮಂಡಳಿಯ ಸರ್ವರ್ ಬಂದು ಗಾಜಿನಣ್ಣನ ಹೆಸರು ಹೇಳಿ ಬಾಗಿಲು ತಟ್ಟಿತು. ನಮ್ಮ ಸರ್ವರ್ ಪಟ್ಟಿ ನೋಡಿ, ಅಂಥವರು ಇಲ್ಲಿಲ್ಲ ಎಂದಿತು.

ಮರುದಿನ ದಾಖಲೆಯಲ್ಲಿ ಅಕ್ಕ ಆ ಸಾಲನ್ನು ಕಂಡರು. ತಾವೇ ಮಂಡಳಿಗೆ ಫೋನು ಮಾಡಿದರು. ಆ ಕಡೆಯವರು ಸೌಜನ್ಯದಿಂದಲೇ ಉತ್ತರಿಸಿದರು: “ಮೇಡಂ, ಅಂಥ ವ್ಯಕ್ತಿ ಇಲ್ಲ ಅಂತ ನಿಮ್ಮ ಸಂಸ್ಥೆಯೇ ಹೇಳಿದೆ. ಸುಳ್ಳು ಸೇವೆ ತೋರಿಸಿದಾರೆ ಅಂತ ಅರ್ಜಿ ತೆಗೆದುಹಾಕಿದೀವಿ. ಪರೀಕ್ಷೆಗೆ ಮುಂಚೆ ನಿಮ್ಮ ಮುಖ್ಯಸ್ಥರು ಬರೆದುಕೊಟ್ರೆ ಮತ್ತೆ ನೋಡಬಹುದು.”

ಅಕ್ಕ ನಿರ್ದೇಶಕರ ಕೋಣೆಗೆ ಹೋದರು. ಅಲ್ಲಿ ಹಿಂದಿನ ದಿನದ ಹೂಗುಚ್ಛಗಳು ಇನ್ನೂ ಬಾಡಿರಲಿಲ್ಲ. ಎರಡು ಸಾಲು ಬೇಕಾಗಿದೆ ಎಂದರು: ಈ ವ್ಯಕ್ತಿ ಇಲ್ಲಿ ಕೆಲಸ ಮಾಡುತ್ತಿರುವುದು ನಿಜ, ನಮ್ಮ ಸರ್ವರ್ ಕೊಟ್ಟ ಉತ್ತರ ತಪ್ಪು.

“ಯಂತ್ರ ಸುಳ್ಳು ಹೇಳಿಲ್ವಲ್ಲಮ್ಮ,” ಎಂದರು ನಿರ್ದೇಶಕರು. “ಪಟ್ಟಿಯಲ್ಲಿ ಅವನ ಹೆಸರಿಲ್ಲ ತಾನೇ?”

“ಪಟ್ಟಿಯಲ್ಲಿಲ್ಲ ಸರ್. ಕೆಳಗಡೆ ಕೋಣೆಯಲ್ಲಿದಾರೆ. ಕಿಟಕಿ ತೆಗೆದ್ರೆ ಅವರ ಉರಿ ಶಬ್ದ ಕೇಳುತ್ತೆ.”

“ನೀವು ನನ್ನ ಕಷ್ಟಾನೂ ನೋಡಿ. ಇಷ್ಟು ವರ್ಷ ದಿನಗೂಲೀಲಿ ಇಟ್ಕೊಂಡಿದ್ವಿ ಅಂತ ನಾನೇ ಬರೆದುಕೊಟ್ರೆ, ನಾಳೆ ಅದೇ ಕಾಗದ ಹಿಡ್ಕೊಂಡು ನಮ್ಮನ್ನೇ ಕಾಯಂ ಮಾಡಿ ಅಂತಾನೆ. ಅವನ ಹಿಂದೆ ಇನ್ನೂ ಎಷ್ಟು ಜನ ಬರ್ತಾರೋ.”

ಅಕ್ಕ ಅಲ್ಲಿಗೇ ಸುಮ್ಮನಾಗಬಹುದಿತ್ತು. ಸುಮ್ಮನಾಗಿದ್ದರೆ ಗಾಜಿನಣ್ಣನಿಗೆ ಆ ಕೂಲಿಯಾದರೂ ಉಳಿಯುತ್ತಿತ್ತೇನೋ. ಅವರು ತಮ್ಮ ಹೆಸರಲ್ಲೇ ಮಂಡಳಿಗೆ ಬರೆದರು. ಮುಖ್ಯಸ್ಥರ ಸಹಿಯಿಲ್ಲದ ಪತ್ರ ನಡೆಯುವುದಿಲ್ಲವೆಂದು ಮಂಡಳಿ ಉತ್ತರಿಸಿತು, ಮತ್ತು ಉತ್ತರದ ಒಂದು ಪ್ರತಿಯನ್ನು ಶಿಸ್ತಾಗಿ ನಿರ್ದೇಶಕರಿಗೂ ಕಳಿಸಿತು. ಪರೀಕ್ಷೆ ನಡೆದುಹೋಯಿತು. ಮುಂದಿನ ವಾರ ಗಾಜಿನಣ್ಣ ಎಂದಿನಂತೆ ಬಂದಾಗ ಗೇಟಿನವನು ಮುಖ ನೋಡದೆ ಹೇಳಿದ: “ನಾಳೆಯಿಂದ ಬರಬೇಡಿ ಅಂದಿದಾರೆ ಅಣ್ಣಾ. ನನ್ನನ್ನ ಬೈಬೇಡಿ.” ಕಾಗದದಲ್ಲಿ ಇಲ್ಲದವರನ್ನು ತೆಗೆಯುವುದಕ್ಕೆ ಕಾಗದವೂ ಬೇಕಾಗಲಿಲ್ಲ.

ಗಾಜಿನಣ್ಣ ತಮ್ಮ ಊದುಕೊಳವೆಗಳನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟಾಗ ಅಕ್ಕ ಮೆಟ್ಟಿಲಿಳಿದು ಓಡಿಹೋದರು. ಸದಾ ಏನಾದರೂ ಒಂದು ಅನ್ನುತ್ತಿದ್ದ ಆ ಮನುಷ್ಯ ಅಂದು ಗಂಟನ್ನು ಕಂಕುಳಿಗೆ ಸೇರಿಸಿಕೊಂಡು ಗೇಟು ದಾಟಿದರು. ಬೈದಿದ್ದರೆ ಅಕ್ಕನಿಗೆ ಹಗುರಾಗುತ್ತಿತ್ತು.

ತಿಂಗಳು ತುಂಬುವುದರೊಳಗೆ ಅಕ್ಕನನ್ನು ಉಗ್ರಾಣಕ್ಕೆ ಹಾಕಿದರು. ಕಾರಣ, ‘ಆಡಳಿತದ ಅನುಕೂಲ’. ಸುಣ್ಣದ ಡಬ್ಬ, ಮುರಿದ ಬೆಂಚು, ಪರೀಕ್ಷೆಯ ಬಿಳಿಹಾಳೆಯ ಕಟ್ಟುಗಳ ನಡುವೆ ಅವರು ಸೇವೆಯ ಉಳಿದ ಒಂಬತ್ತು ವರ್ಷ ಕಳೆದರು. ಅಲ್ಲಿಯೂ ಕೆಲಸ ಕೆಡಿಸಲಿಲ್ಲ. ಬಣ್ಣ ಬಳಿಯುವವರಿಗೆ ಕುಡಿಯುವ ನೀರಿನ ಬಿಂದಿಗೆ ಇಡಿಸಿದರು. ಪರೀಕ್ಷೆಯ ದಿನ ಪೆನ್ನು ಮರೆತು ಬರುವ ಮಕ್ಕಳಿಗೆಂದು ಮೇಜಿನ ಖಾನೆಯಲ್ಲಿ ತಮ್ಮ ದುಡ್ಡಿನ ಪೆನ್ನುಗಳನ್ನು ಇಟ್ಟಿರುತ್ತಿದ್ದರು. ಆದರೆ ಮುಂದಿನ ಗೇಟಿನಿಂದ ಓಡಾಡುವುದನ್ನು ಬಿಟ್ಟರು. ಕೆಲಸ ಹೋದಮೇಲೆ ಗಾಜಿನಣ್ಣನ ಹೆಂಡತಿ ಮನೆಯಲ್ಲಿ ಅಡುಗೆ ಮಾಡುವುದೂ ಅವರು ಸೈಕಲ್ಲಿನಲ್ಲಿ ಆ ರಸ್ತೆಯ ಕಚೇರಿಗಳಿಗೆ ಊಟದ ಡಬ್ಬಿ ಹಂಚುವುದೂ ಶುರುವಾಗಿತ್ತು. ಎದುರಾದರೆ ಯಾವ ಮುಖ ತೋರಿಸಲಿ ಎಂದು ಅಕ್ಕ ಹಿಂದಿನ ಗೇಟಿನಿಂದ ಸುತ್ತಿ ಹೋಗುತ್ತಿದ್ದರು. “ನ್ಯಾಯ ಕೇಳೋಕೆ ಹೋದೆ. ಅನ್ನಕ್ಕೆ ಕಲ್ಲು ಹಾಕಿ ಬಂದೆ,” ಎಂದು ಒಮ್ಮೆ ಗ್ರಂಥಾಲಯದ ಗೆಳತಿಯ ಮುಂದೆ ಅಂದರು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಖಾತೆಗಳ ಕಡತಕ್ಕೆ ಇನ್ನೂ ಸಹಿಯಾಗಿಲ್ಲ. ನಿರ್ದೇಶಕರು ಬಡ್ತಿ ಪಡೆದು ಮೇಲೆ ಹೋಗಿದ್ದಾರೆ. ಈ ಸಂಪುಟಕ್ಕೆ ಶುಭಸಂದೇಶವನ್ನೂ ಕಳಿಸಿದ್ದಾರೆ. ವಿಳಾಸದಕ್ಕನವರ ‘ತಾಳ್ಮೆ’ಯನ್ನು ಅದರಲ್ಲಿ ಮೆಚ್ಚಿಕೊಂಡಿದ್ದಾರೆ. ಅದರ ಪಕ್ಕದಲ್ಲೇ ಈ ಲೇಖನವೂ ಅಚ್ಚಾದರೆ ಸಂಪಾದಕರ ದೊಡ್ಡ ಮನಸ್ಸು ಎನ್ನಬೇಕು.

ಹೀಗೆ ಸನ್ಮಾನಿತರಾದವರಿಗೆ ನೂರು ವರ್ಷ ಆಯಸ್ಸು ಕೋರುವುದು ವಾಡಿಕೆ. ವಿಳಾಸದಕ್ಕನವರಿಗೂ ಅಷ್ಟೇ ಆಯಸ್ಸು ಸಿಗಲಿ, ಕಣ್ಣು ಕೈ ಗಟ್ಟಿಯಾಗಿರಲಿ. ಊರಿನ ಯಾವುದೋ ಮೂಲೆಯಲ್ಲಿ ಒಂದು ಹಳೆಯ ಸರ್ವರ್ ಇವರ ಕೈಗೆ ಮತ್ತೆ ಸಿಕ್ಕಿ, ಅದಕ್ಕೆ ಇವರು ಮೊದಲ ಪಾಠವಾಗಿ ‘ಆಮೇಲೆ ಬನ್ನಿ’ ಎಂಬುದನ್ನೇ ಕಲಿಸಲಿ. ಇನ್ನೊಂದು ಕೋರಿಕೆಯೂ ಇದೆ. ಗಾಜು ಊದುವ ಒಬ್ಬ ಮನುಷ್ಯ ಇಲ್ಲಿ ಇಪ್ಪತ್ತು ವರ್ಷ ದುಡಿದದ್ದು ನಿಜ ಎಂದು ಈ ಸಂಸ್ಥೆ ತನ್ನ ಮುದ್ರೆಯೊತ್ತಿ ಬರೆದುಕೊಡುವ ದಿನವನ್ನು ನೋಡುವಷ್ಟು ಕಾಲ ಇವರು ಬದುಕಿರಲಿ. ಸಂಸ್ಥೆಯ ನಡೆ ನೋಡಿದರೆ ನೂರು ವರ್ಷ ಸಾಲದೇ ಹೋಗಬಹುದು.

ಬೀಳ್ಕೊಡುಗೆಯ ದಿನ ಭಾಷಣಗಳು ಉದ್ದವಾದವು. ಶಾಲು ಹೊದಿಸಿದರು. ಮಾತನಾಡಿದವರೆಲ್ಲ ಉಗ್ರಾಣದ ಅಚ್ಚುಕಟ್ಟನ್ನು ಹೊಗಳಿದರು. ಕತ್ತಲೆ ಕೋಣೆಯ ಹೆಸರನ್ನು ಯಾರೂ ಎತ್ತಲಿಲ್ಲ. ಊಟಕ್ಕೆ ಎಲ್ಲರೂ ಎದ್ದಾಗ ಅಕ್ಕ ತಲೆನೋವೆಂದು ಹೇಳಿ ಹೊರಟರು. ಹಿಂದಿನ ಗೇಟಿಗೆ ಅಂದು ಬೀಗ. ಬೇರೆ ದಾರಿಯಿಲ್ಲದೆ ಮುಂದಿನ ಗೇಟಿನಿಂದ ಬಂದು, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು.

ಸೈಕಲ್ಲು ಬಂದು ನಿಂತಿತು. ಗಾಜಿನಣ್ಣನ ಕೂದಲು ಬೆಳ್ಳಗಾಗಿತ್ತು, ಉರಿಯ ಮುಂದೆ ಕೆಂಪಗಿರುತ್ತಿದ್ದ ಮುಖ ಬಿಸಿಲಿಗೆ ಕಪ್ಪಾಗಿತ್ತು. ಶಾಲು ನೋಡಿದರು. ಅಕ್ಕನ ಮುಖ ನೋಡಿದರು.

“ಮುಗೀತಾ ಅಕ್ಕಾ?”

“ಮುಗೀತು.” ಅಕ್ಕ ಶಾಲು ತೆಗೆದು ಪಕ್ಕಕ್ಕಿಟ್ಟರು. “ನಾನು ಆವತ್ತು ಆ ಕಾಗದ ಬರೀದೆ ಇದ್ದಿದ್ರೆ ನೀನು...”

“ಬರೆದ್ರಲ್ಲ. ಬೇರೆ ಯಾರೂ ಬರೀಲಿಲ್ಲ.” ಅದು ಸಮಾಧಾನದ ಮಾತೋ, ಬರಿಯ ಲೆಕ್ಕವೋ, ಅಕ್ಕನಿಗೆ ತಿಳಿಯಲಿಲ್ಲ. “ಊಟ ಆಯ್ತಾ?”

ಅಕ್ಕ ಇಲ್ಲವೆಂದು ತಲೆಯಾಡಿಸಿದರು.

ಗಾಜಿನಣ್ಣ ಕೈಗಡಿಯಾರ ನೋಡಿಕೊಂಡರು. ಹಂಚುವುದು ಇನ್ನೂ ಬಾಕಿಯಿತ್ತು. ಹ್ಯಾಂಡಲಿಗೆ ಬೇರೆಯಾಗಿ ತೂಗುಹಾಕಿದ್ದ, ಬಟ್ಟೆಯಲ್ಲಿ ಕಟ್ಟಿದ ಒಂದು ಡಬ್ಬಿಯನ್ನು ಬಿಚ್ಚಿದರು. ಹೆಂಡತಿ ಅವರಿಗೆಂದು ಕಟ್ಟಿಕೊಟ್ಟದ್ದು ಅದೆಂದು ನೋಡಿದರೇ ತಿಳಿಯುತ್ತಿತ್ತು. ಮುಚ್ಚಳದ ಮೇಲೆ ಕೈಯಿಟ್ಟು ಇನ್ನೂ ಬಿಸಿಯಿದೆಯೇ ನೋಡಿ, ಅದನ್ನು ಅಕ್ಕನ ಮಡಿಲಲ್ಲಿಟ್ಟರು.